ವಿದೇಶಾಂಗ ಖಾತೆ ಯಾರ ಕೈಗೆ? ಅನುಭವಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ

ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ ಯುವ ಸಂಸತ್ತು ನಡೆಸುತ್ತೇವೆ. ಖಾತೆ ಹಂಚುವ ದಿನ ತರಗತಿಯಲ್ಲಿ ಗದ್ದಲವೋ ಗದ್ದಲ. ಗೃಹ, ಹಣಕಾಸು, ಕೃಷಿ ಖಾತೆಗಳಿಗೆ ನಾಲ್ಕು ನಾಲ್ಕು ಜನ ಕೈ ಎತ್ತುತ್ತಾರೆ. ವಿದೇಶಾಂಗದ ಸರದಿ ಬಂದಾಗ ಮಾತ್ರ ಎಲ್ಲರದೂ ಒಂದೇ ದನಿ: "ಮೇಡಂ, ಇವನಿಗೇ ಕೊಡಿ, ಇಂಗ್ಲಿಷ್ ಚೆನ್ನಾಗಿ ಮಾತಾಡ್ತಾನೆ."

ತುಮಕೂರಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಲು ಶುರು ಮಾಡಿದಂದಿನಿಂದ ಈ ಮಾತು ಕೇಳುತ್ತಲೇ ಬಂದಿದ್ದೇನೆ. ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಸಿದ್ಧಗಂಗೆಯ ದನಗಳ ಜಾತ್ರೆ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಹೋಗುತ್ತಿದ್ದೆ. ಎತ್ತಿನ ವ್ಯಾಪಾರ ಬಾಯಲ್ಲಿ ಆಗುತ್ತಿರಲಿಲ್ಲ. ಟವೆಲ್ ಹೊದಿಸಿ, ಅದರಡಿ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಬೆಲೆ ಹೇಳಬೇಕು. ಸುತ್ತ ನಿಂತವರಿಗೆ ಮುಖ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಅಪ್ಪ ದಲ್ಲಾಳಿಯನ್ನು ಆರಿಸುವಾಗ ಮಾತುಗಾರನನ್ನು ಹುಡುಕುತ್ತಿರಲಿಲ್ಲ. ಎದುರಿನವನ ಕೈ ಪಳಗಿದೆಯೋ ಇಲ್ಲವೋ ತಿಳಿಯುವವನು ಬೇಕಿತ್ತು. ನಮ್ಮ ಮನೆಯಲ್ಲಿ ದುಡ್ಡು ಎಷ್ಟಿದೆ, ಮಳೆಗೆ ಮುಂಚೆ ಜೋಡಿ ಎತ್ತು ಕಟ್ಟದಿದ್ದರೆ ಏನಾಗುತ್ತದೆ ಅನ್ನುವುದೂ ಅವನಿಗೆ ಗೊತ್ತಿರಬೇಕಿತ್ತು. ಒಂದು ಗೊತ್ತಿದ್ದು ಇನ್ನೊಂದು ಗೊತ್ತಿಲ್ಲದವನನ್ನು ಅಪ್ಪ ಕಾಫಿ ಕೊಡಿಸಿ ಕಳಿಸಿಬಿಡುತ್ತಿದ್ದರು.

ದೇಶದ ಪರವಾಗಿ ಮಾತಾಡುವವರನ್ನೂ ನಾನು ಅದೇ ಎರಡು ಅಳತೆಯಲ್ಲಿ ಅಳೆಯುತ್ತೇನೆ. ಆ ಕಡೆಯ ಕೈ ಗೊತ್ತೇ? ಈ ಕಡೆಯ ಮನೆ ಗೊತ್ತೇ?

ಮೊದಲು ಕುರ್ಚಿ ಯಾವುದು ನೋಡೋಣ

ಪತ್ರಿಕೆಗಳಲ್ಲಿ "ಉನ್ನತ ರಾಜತಾಂತ್ರಿಕ" ಎಂದು ಬರೆದಾಗ ಎರಡು ಹುದ್ದೆಗಳು ಕಲಸಿಹೋಗುತ್ತವೆ. ವಿದೇಶಾಂಗ ಕಾರ್ಯದರ್ಶಿ ಸರ್ಕಾರಿ ಅಧಿಕಾರಿ. ಯುಪಿಎಸ್‌ಸಿ ಪರೀಕ್ಷೆ ಬರೆದು ಭಾರತೀಯ ವಿದೇಶಾಂಗ ಸೇವೆ (ಐಎಫ್‌ಎಸ್) ಸೇರಿ, ಒಂದು ವಿದೇಶಿ ಭಾಷೆಯನ್ನು ಕಡ್ಡಾಯವಾಗಿ ಕಲಿತು, ಹಲವು ರಾಯಭಾರ ಕಚೇರಿಗಳಲ್ಲಿ ದುಡಿದು ಮೇಲೆ ಬಂದವರು. ವಿದೇಶಾಂಗ ಸಚಿವರ ಹುದ್ದೆಗೆ ಅಂಥ ಏಣಿ ಇಲ್ಲ. ನಮ್ಮ ಸಂವಿಧಾನ ಯಾವ ಮಂತ್ರಿಗೂ ಅನುಭವದ ಷರತ್ತು ಹಾಕಿಲ್ಲ. ಆರು ತಿಂಗಳೊಳಗೆ ಸಂಸತ್ತಿನ ಸದಸ್ಯರಾದರೆ ಸಾಕು. ಎಸ್. ಜೈಶಂಕರ್ 2019ರ ಮೇ 30ರಂದು ಪ್ರಮಾಣವಚನ ಸ್ವೀಕರಿಸಿದಾಗ ಸಂಸದರಾಗಿರಲಿಲ್ಲ. ಜುಲೈನಲ್ಲಿ ಗುಜರಾತಿನಿಂದ ರಾಜ್ಯಸಭೆಗೆ ಬಂದರು. ಅಮೆರಿಕದಲ್ಲಾದರೆ ವಿದೇಶಾಂಗ ಸಚಿವರಾಗುವವರನ್ನು ಸೆನೆಟ್ ಕೂರಿಸಿ ಪ್ರಶ್ನೆ ಕೇಳುತ್ತದೆ, ಮತ ಹಾಕುತ್ತದೆ. ನಮ್ಮಲ್ಲಿ ಆ ಪ್ರಶ್ನೆ ಕೇಳುವ ಅಧಿಕೃತ ಜಾಗವೇ ಇಲ್ಲ. ಆದ್ದರಿಂದ ಓದುವ, ಮತ ಹಾಕುವ ನಾವೇ ಕೇಳಿಕೊಳ್ಳಬೇಕು.

ಮುಂದಿನ ಹೋಲಿಕೆಯೆಲ್ಲ ಸಚಿವರ ಕುರ್ಚಿಗೆ ಸಂಬಂಧಿಸಿದ್ದು.

ಐಎಫ್‌ಎಸ್‌ನಿಂದ ಬಂದವರೋ, ಚುನಾವಣೆಯಿಂದ ಬಂದವರೋ

ನಿಜವಾದ ಪೈಪೋಟಿ ಇರುವುದು ಈ ಇಬ್ಬರ ನಡುವೆ.

ವೃತ್ತಿಯಿಂದಲೇ ರಾಜತಾಂತ್ರಿಕರಾದವರ ದೊಡ್ಡ ಆಸ್ತಿ ಎಂದರೆ ಆ ಕಡೆಯ ಕೈ. ಜೈಶಂಕರ್ 1977ರ ತಂಡದ ಅಧಿಕಾರಿ. 2009ರಿಂದ 2013ರವರೆಗೆ ಚೀನಾದಲ್ಲಿ, ಆಮೇಲೆ ಅಮೆರಿಕದಲ್ಲಿ ರಾಯಭಾರಿ, 2015ರಿಂದ 2018ರವರೆಗೆ ವಿದೇಶಾಂಗ ಕಾರ್ಯದರ್ಶಿ. ಅಮೆರಿಕದ ಜೊತೆಗಿನ ಅಣು ಒಪ್ಪಂದದ ಮಾತುಕತೆಯಲ್ಲೂ ಇದ್ದವರು. 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. ಸೆಪ್ಟೆಂಬರ್‌ನಲ್ಲಿ ಮಾಸ್ಕೋದಲ್ಲಿ ಅವರು ಚೀನಾದ ವಿದೇಶಾಂಗ ಸಚಿವ ವಾಂಗ್ ಯೀ ಎದುರು ಕೂತರು. ಇಬ್ಬರೂ ಇಡೀ ಆಯುಷ್ಯ ಇದೇ ಕೆಲಸದಲ್ಲಿ ಕಳೆದವರು. ಐದು ಅಂಶಗಳಿಗೆ ಒಪ್ಪಿ ಎದ್ದರು. ಆದರೂ ಗಡಿಯಲ್ಲಿ ಗಸ್ತು ತಿರುಗುವ ವಿಚಾರ ಒಪ್ಪಂದಕ್ಕೆ ಬಂದದ್ದು 2024ರ ಅಕ್ಟೋಬರ್‌ನಲ್ಲಿ. ನಾಲ್ಕು ವರ್ಷ ಹಿಡಿಯಿತು. ಇದನ್ನು ಸೋಲು ಎಂದು ನಾನು ಹೇಳಲಾರೆ. ಅಷ್ಟು ಅನುಭವ ಇದ್ದವರಿಗೇ ಅಷ್ಟು ಕಾಲ ಬೇಕಾಯಿತೆಂದರೆ ಕೆಲಸದ ತೂಕ ಎಂಥದ್ದು ಎಂದು ಗೊತ್ತಾಗುತ್ತದೆ. ಟವೆಲ್ ಅಡಿಯ ಕೈಯನ್ನು ನಾಲ್ಕು ವರ್ಷ ಬಿಡದೆ ಹಿಡಿದಿರುವುದಕ್ಕೆ ಬೇರೆಯದೇ ತಾಳ್ಮೆ ಬೇಕು, ಅದು ಈ ಸೇವೆಯಲ್ಲಿ ಬೆಳೆಯುತ್ತದೆ.

ರಷ್ಯಾದ ಸೆರ್ಗೈ ಲಾವ್ರೋವ್ ಇದೇ ಜಾತಿಯ ಇನ್ನೊಂದು ಉದಾಹರಣೆ. ತರುಣರಾಗಿದ್ದಾಗ ಶ್ರೀಲಂಕಾದಲ್ಲಿ ಕೆಲಸ ಮಾಡಿದವರು, ಸಿಂಹಳ ಬಲ್ಲವರು. ಹತ್ತು ವರ್ಷ ವಿಶ್ವಸಂಸ್ಥೆಯಲ್ಲಿ ರಷ್ಯಾದ ಪ್ರತಿನಿಧಿಯಾಗಿದ್ದು 2004ರಲ್ಲಿ ವಿದೇಶಾಂಗ ಸಚಿವರಾದರು. ಅವರ ದೇಶ ಯುದ್ಧಕ್ಕೆ ಹೋಗುವುದನ್ನು ಆ ಅನುಭವ ತಡೆಯಲಿಲ್ಲ. ನಿಪುಣತೆ ಒಂದು, ಅದನ್ನು ಯಾವುದಕ್ಕೆ ಬಳಸುತ್ತಾರೆ ಎನ್ನುವುದು ಇನ್ನೊಂದು. ವಿದ್ಯಾರ್ಥಿಗಳಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ.

ಈ ಸೇವೆಯಿಂದ ಬಂದವರಿಗೆ ಕಷ್ಟವಾಗುವುದು ಎಲ್ಲಿ? ಮನೆಯ ಕಡೆ. ಕೆ. ನಟವರ್ ಸಿಂಗ್ 1953ರ ತಂಡದ ಅಧಿಕಾರಿ, ಪಾಕಿಸ್ತಾನದಲ್ಲಿ ರಾಯಭಾರಿಯಾಗಿದ್ದವರು. ಸೇವೆ ಬಿಟ್ಟು ಚುನಾವಣೆಯನ್ನೂ ಗೆದ್ದರು. 2004ರಲ್ಲಿ ವಿದೇಶಾಂಗ ಸಚಿವರಾದರು. ಇರಾಕ್ ತೈಲ ವ್ಯವಹಾರದ ಅಕ್ರಮಗಳ ಬಗ್ಗೆ ವಿಶ್ವಸಂಸ್ಥೆ ನಡೆಸಿದ ತನಿಖೆಯ ವೋಲ್ಕರ್ ವರದಿಯಲ್ಲಿ ಹೆಸರು ಬಂತು. ಆರೋಪವನ್ನು ಅವರು ಒಪ್ಪಲಿಲ್ಲ, ಆದರೂ ಸುಮಾರು ಒಂದೂವರೆ ವರ್ಷಕ್ಕೇ ಖಾತೆ ಕೈಬಿಟ್ಟಿತು. ಪಕ್ಷದೊಳಗೆ ಬೇರು ಆಳವಾಗಿದ್ದ ನಾಯಕರಾಗಿದ್ದರೆ ಅಷ್ಟು ಬೇಗ ಒಂಟಿಯಾಗುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

ಈಗ ಇನ್ನೊಂದು ಕಡೆ. ಅಟಲ್ ಬಿಹಾರಿ ವಾಜಪೇಯಿ 1977ರಲ್ಲಿ ವಿದೇಶಾಂಗ ಸಚಿವರಾದಾಗ ಒಂದು ದಿನವೂ ರಾಯಭಾರ ಕಚೇರಿಯಲ್ಲಿ ಕೆಲಸ ಮಾಡಿದವರಲ್ಲ. ಇದ್ದದ್ದು ಎರಡು ದಶಕ ವಿರೋಧ ಪಕ್ಷದಲ್ಲಿ ಕೂತು ವಿದೇಶಾಂಗ ನೀತಿಯನ್ನು ಪ್ರಶ್ನಿಸಿದ ಅನುಭವ. ಆ ವರ್ಷದ ಅಕ್ಟೋಬರ್ 4ರಂದು ವಿಶ್ವಸಂಸ್ಥೆಯಲ್ಲಿ ಹಿಂದಿಯಲ್ಲಿ ಮಾತಾಡಿದರು. 1979ರ ಫೆಬ್ರವರಿಯಲ್ಲಿ ಚೀನಾಕ್ಕೆ ಹೋದರು. 1962ರ ಯುದ್ಧದ ನಂತರ ಮುಚ್ಚಿದ್ದ ಬಾಗಿಲು ತಟ್ಟುವ ಪ್ರಯಾಣ ಅದು. ಅವರು ಅಲ್ಲಿದ್ದಾಗಲೇ ಚೀನಾ ವಿಯೆಟ್ನಾಂ ಮೇಲೆ ದಾಳಿ ಮಾಡಿತು. ವಾಜಪೇಯಿ ಭೇಟಿ ಮೊಟಕು ಮಾಡಿ ವಾಪಸ್ ಬಂದರು. ಹೋದದ್ದಕ್ಕೂ ಧೈರ್ಯ ಬೇಕಿತ್ತು, ಎದ್ದು ಬಂದದ್ದಕ್ಕೂ ಬೇಕಿತ್ತು. ದೇಶದ ಮನಸ್ಸು ಎಷ್ಟು ಸಹಿಸುತ್ತದೆ ಎಂಬ ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು.

ಈ ಲೆಕ್ಕ ಯಾಕೆ ಮುಖ್ಯ ಎಂದು ನಮ್ಮ ಕಡೆಯವರಿಗೆ ಹೆಚ್ಚು ವಿವರಿಸಬೇಕಿಲ್ಲ. 2019ರ ನವೆಂಬರ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಭಾರತ ಏಷ್ಯಾ-ಪೆಸಿಫಿಕ್ ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದಕ್ಕೆ ಸೇರುವುದಿಲ್ಲ ಎಂದು ಹೇಳಿ ಹೊರಬಂತು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ಬೆಳಗ್ಗೆ ಐದಕ್ಕೆ ಡೇರಿಗೆ ಕ್ಯಾನ್ ಹೊರುವ ಹೆಣ್ಣುಮಗಳ ಗತಿ ಏನು ಎಂಬ ಭಯ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಹಳ್ಳಿಯಲ್ಲಿತ್ತು. ರೇಷ್ಮೆಯ ಕಥೆಯೂ ಅಷ್ಟೇ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಚೀನಾ ರೇಷ್ಮೆಗೆ ದಾರಿ ಸಲೀಸಾದಾಗ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೈತರ ಮುಖ ಬಾಡಿತು. 2013ರಲ್ಲಿ ಸುಂಕವನ್ನು ಶೇ 15ಕ್ಕೆ ಏರಿಸಬೇಕಾಯಿತು. ಸುಂಕ ಇಳಿಸಿದಾಗ ಹಣಕಾಸು ಸಚಿವರಾಗಿದ್ದವರು ಪ್ರಣವ್ ಮುಖರ್ಜಿ. ಅದಕ್ಕೆ ಮುಂಚೆ 2006ರಿಂದ 2009ರವರೆಗೆ ಅವರು ವಿದೇಶಾಂಗ ಸಚಿವರಾಗಿದ್ದವರು. ಸುಂಕ ವಿದೇಶಾಂಗದ ಖಾತೆಯಲ್ಲ, ನಿಜ. ಆದರೆ ಹೊರಗಿನವರ ಜೊತೆ ಮಾತಾಡಿ ಪಳಗಿದವರ ಕಣ್ಣಿಗೂ ಗೂಡು ಬೆಳೆಯುವವರ ಮನೆ ತಪ್ಪಿಹೋಗಬಹುದು ಎನ್ನುವುದಕ್ಕೆ ಇದನ್ನು ಹೇಳಿದೆ.

ಸುಷ್ಮಾ ಸ್ವರಾಜ್ ಅವರನ್ನು ನಾನು ಇಲ್ಲಿ ಬೇರೆಯಾಗಿ ನೆನೆಯಬೇಕು. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ವಿರುದ್ಧ ನಿಂತಾಗ ಕೆಲವೇ ವಾರಗಳಲ್ಲಿ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು. ಸೋತರು. ಆದರೆ ಗೊತ್ತಿಲ್ಲದ ಊರಿಗೆ ಹೋಗಿ, ಅವರ ಮಾತು ಕಲಿತು, ಅವರ ಮನೆ ಬಾಗಿಲಲ್ಲಿ ನಿಲ್ಲುವ ಆ ಅಭ್ಯಾಸ 2014ರಿಂದ 2019ರವರೆಗೆ ವಿದೇಶಾಂಗ ಸಚಿವೆಯಾಗಿದ್ದಾಗ ಕೆಲಸಕ್ಕೆ ಬಂತು. ಕೊಲ್ಲಿ ದೇಶದಲ್ಲಿ ಪಾಸ್‌ಪೋರ್ಟ್ ಕಸಿದುಕೊಂಡ ಮಾಲೀಕನ ಕೈಯಲ್ಲಿ ಸಿಕ್ಕಿಬಿದ್ದ ಕೂಲಿಯವರು ಟ್ವಿಟರ್‌ನಲ್ಲಿ ಬರೆದರೆ ಮಂತ್ರಿಯೇ ಉತ್ತರ ಕೊಡುತ್ತಿದ್ದರು. ವಿದೇಶಾಂಗ ಇಲಾಖೆ ಎಂದರೆ ಸೂಟು ಬೂಟಿನವರದು ಎಂದುಕೊಂಡಿದ್ದ ನಮ್ಮ ಹಳ್ಳಿಗಳ ಮನೆಗಳಿಗೆ ಅದು ತಮ್ಮದೂ ಹೌದು ಎಂದು ಗೊತ್ತಾದದ್ದು ಆಗ.

ಒಬ್ಬರನ್ನೇ ಆರಿಸಬೇಕು ಎಂದರೆ ನಾನು ಚುನಾವಣೆಯಿಂದ ಬಂದವರ ಕಡೆ ವಾಲುತ್ತೇನೆ. ಷರತ್ತು ಒಂದಿದೆ: ಪಕ್ಕದಲ್ಲಿ ಕೂತ ಅಧಿಕಾರಿ ಬೇಡದ ಸತ್ಯ ಹೇಳಿದಾಗ ಕೇಳುವ ಕಿವಿ ಇರಬೇಕು. ಆ ಕಡೆಯ ಕೈಯ ಪರಿಚಯವನ್ನು ಒಳ್ಳೆಯ ಅಧಿಕಾರಿಗಳಿಂದ ಎರವಲು ಪಡೆಯಬಹುದು. ಮನೆಯ ಪರಿಚಯ ಎರವಲು ಸಿಗುವುದಿಲ್ಲ.

ಮುಖ್ಯಮಂತ್ರಿಯಾಗಿದ್ದವರಿಗೆ ಯಾಕೆ ಹೆಚ್ಚು ಅಂಕ

ಎಸ್.ಎಂ. ಕೃಷ್ಣ 2009ರಿಂದ 2012ರವರೆಗೆ ವಿದೇಶಾಂಗ ಸಚಿವರಾಗಿದ್ದರು. ಅಮೆರಿಕದಲ್ಲಿ ಓದಿದವರು ಎಂಬುದನ್ನೇ ಎಲ್ಲರೂ ಅವರ ಅರ್ಹತೆಯಾಗಿ ಹೇಳುತ್ತಿದ್ದರು. ನನ್ನ ಲೆಕ್ಕದಲ್ಲಿ ಅವರ ನಿಜವಾದ ತರಬೇತಿ ನಡೆದದ್ದು ವಿಧಾನಸೌಧದಲ್ಲಿ. 2000ದ ಜುಲೈ 30ರ ರಾತ್ರಿ ಡಾ. ರಾಜ್‌ಕುಮಾರ್ ಅಪಹರಣವಾಯಿತು. 108 ದಿನ. ಕಾಡಿನಲ್ಲಿ ವೀರಪ್ಪನ್, ಪಕ್ಕದ ರಾಜ್ಯದಲ್ಲಿ ಕರುಣಾನಿಧಿ, ನಡುವೆ ಓಡಾಡಲು ಒಬ್ಬ ಪತ್ರಕರ್ತ ಸಂಧಾನಕಾರ, ವೀರಪ್ಪನ್ ಕೇಳಿದಂತೆ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೈದಿಗಳನ್ನು ಬಿಡಲು ಹೊರಟರೆ ತಡೆಯುವ ಸುಪ್ರೀಂ ಕೋರ್ಟ್, ಬೀದಿಯಲ್ಲಿ ಕುದಿಯುವ ಜನ. ಯಾರ ಮೇಲೂ ನೇರ ಅಧಿಕಾರ ಇಲ್ಲ, ಎಲ್ಲರನ್ನೂ ಜೊತೆಗೆ ಇಟ್ಟುಕೊಳ್ಳಬೇಕು. ಸಂಧಾನದ ಪಾಠ ಇದಕ್ಕಿಂತ ಗಟ್ಟಿಯಾಗಿ ಯಾವ ವಿಶ್ವವಿದ್ಯಾಲಯದಲ್ಲಿ ಸಿಗುತ್ತದೆ? ಕಾವೇರಿಯ ಬಿಕ್ಕಟ್ಟು ಇದರ ಮೇಲೆ.

2011ರ ಫೆಬ್ರವರಿಯಲ್ಲಿ ಭದ್ರತಾ ಮಂಡಳಿಯಲ್ಲಿ ಅವರು ಪೋರ್ಚುಗಲ್ ಸಚಿವರ ಭಾಷಣದ ಹಾಳೆಯನ್ನು ತಪ್ಪಿ ಓದಿದರು. ಅದೊಂದನ್ನೇ ಜನ ಇವತ್ತಿಗೂ ಹೇಳುತ್ತಾರೆ. 2012ರ ಸೆಪ್ಟೆಂಬರ್‌ನಲ್ಲಿ ಇಸ್ಲಾಮಾಬಾದಿನಲ್ಲಿ ಹೊಸ ವೀಸಾ ಒಪ್ಪಂದಕ್ಕೆ ಸಹಿ ಬಿದ್ದದ್ದನ್ನು ಹೇಳುವವರು ಕಡಿಮೆ. ಮುಂಬೈ ದಾಳಿಯಾಗಿ ನಾಲ್ಕು ವರ್ಷ ತುಂಬಿರಲಿಲ್ಲ, ಎರಡು ವರ್ಷ ಹಿಂದೆ ಅದೇ ಊರಿನಲ್ಲಿ ಮಾತುಕತೆ ಮುರಿದುಬಿದ್ದಿತ್ತು. ಮತ್ತೆ ಹೋಗಿ ಕೂತರು. ನಮ್ಮ ನಾಡಿನವರು ಎಂಬ ಅಭಿಮಾನದಿಂದ ಹೇಳುತ್ತಿದ್ದೇನೆ ಎಂದುಕೊಂಡರೂ ಸರಿ, ಒಂದು ಹಾಳೆಯಲ್ಲಿ ಮನುಷ್ಯನನ್ನು ಅಳೆಯುವುದು ಅನ್ಯಾಯ.

ಆಂಧ್ರದ ಮುಖ್ಯಮಂತ್ರಿಯಾಗಿದ್ದ ಪಿ.ವಿ. ನರಸಿಂಹರಾವ್ ಅವರನ್ನು ಇದೇ ಸಾಲಿನಲ್ಲಿ ಇಡಬೇಕು. ಎರಡು ಸಲ ವಿದೇಶಾಂಗ ಸಚಿವರು, ಆಮೇಲೆ ಪ್ರಧಾನಿ. 1994ರಲ್ಲಿ ಜಿನೀವಾದಲ್ಲಿ, ವಿಶ್ವಸಂಸ್ಥೆಯ ಮಾನವ ಹಕ್ಕು ಆಯೋಗದಲ್ಲಿ, ಕಾಶ್ಮೀರದ ಬಗ್ಗೆ ಪಾಕಿಸ್ತಾನ ನಿರ್ಣಯ ತಂದಾಗ ಅವರು ಮಾಡಿದ್ದನ್ನು ನೋಡಿ. ಭಾರತದ ನಿಯೋಗದ ಮುಂದಾಳುತನ ವಿರೋಧ ಪಕ್ಷದ ವಾಜಪೇಯಿಗೆ ಕೊಟ್ಟರು. ಜೊತೆಗೆ ಸಲ್ಮಾನ್ ಖುರ್ಷಿದ್, ಫಾರೂಕ್ ಅಬ್ದುಲ್ಲಾ. ಕಾಯಿಲೆಯಲ್ಲಿದ್ದ ವಿದೇಶಾಂಗ ಸಚಿವ ದಿನೇಶ್ ಸಿಂಗ್ ಅವರನ್ನು ಇರಾನ್ ಬೆಂಬಲ ಕೇಳಲು ಟೆಹ್ರಾನ್‌ಗೆ ಕಳಿಸಿದರು. ಪಾಕಿಸ್ತಾನ ನಿರ್ಣಯ ಹಿಂದಕ್ಕೆ ತೆಗೆದುಕೊಂಡಿತು. ಮನೆಯೊಳಗಿನ ಎದುರಾಳಿಯನ್ನೇ ಮನೆಯ ಪರವಾಗಿ ಕಳಿಸುವ ಧೈರ್ಯ, ರಾಜ್ಯ ಆಳಿ, ಪಕ್ಷದೊಳಗೆ ಬಿದ್ದು ಎದ್ದವರಿಗೆ ಬರುತ್ತದೆ.

ಸೈನಿಕ, ಪ್ರೊಫೆಸರ್, ಕಂಪನಿಯ ಮುಖ್ಯಸ್ಥ

ಸೈನಿಕರ ಬಲ ಶಿಸ್ತು. ಸೇನೆಯಲ್ಲಿದ್ದು ರಾಜಕೀಯಕ್ಕೆ ಬಂದು ವಿದೇಶಾಂಗ ಸಚಿವರಾದ ಜಸ್ವಂತ್ ಸಿಂಗ್ 1998ರ ಪೋಖ್ರಾನ್ ಅಣು ಪರೀಕ್ಷೆಯ ನಂತರ ಅಮೆರಿಕದ ಉಪ ವಿದೇಶಾಂಗ ಸಚಿವ ಸ್ಟ್ರೋಬ್ ಟಾಲ್ಬಟ್ ಜೊತೆ ಏಳು ದೇಶಗಳಲ್ಲಿ 14 ಸಲ ಕೂತು ಮಾತಾಡಿದರು. ದಿಗ್ಬಂಧನ ಹೇರಿದ್ದ ದೇಶದ ಸಿಟ್ಟು ಕರಗಿ, 2000ದಲ್ಲಿ ಅದರ ಅಧ್ಯಕ್ಷರೇ ದೆಹಲಿಗೆ ಬಂದರು. ಅದೇ ಶಿಸ್ತು ತಿರುಗಿ ಹೊಡೆದ ಉದಾಹರಣೆ, ಸೇನೆಯಿಂದ ಬಂದು ಅಮೆರಿಕದ ವಿದೇಶಾಂಗ ಸಚಿವರಾದ ಕಾಲಿನ್ ಪಾವೆಲ್. 2003ರ ಫೆಬ್ರವರಿ 5ರಂದು ಭದ್ರತಾ ಮಂಡಳಿಯ ಮುಂದೆ ಇರಾಕ್‌ನಲ್ಲಿ ವಿನಾಶಕಾರಿ ಅಸ್ತ್ರಗಳಿವೆ ಎಂದು ವಾದಿಸಿದರು. ಅಸ್ತ್ರ ಸಿಗಲಿಲ್ಲ. ಅದು ತಮ್ಮ ಹೆಸರಿಗೆ ಅಂಟಿದ ಕಲೆ ಎಂದು ಮುಂದೆ ಅವರೇ ಒಪ್ಪಿಕೊಂಡರು.

ಪ್ರೊಫೆಸರ್‌ಗಳ ಪೈಕಿ ಅಮೆರಿಕದ ಹೆನ್ರಿ ಕಿಸಿಂಜರ್ ಹೆಸರು ಮೊದಲು ಬರುತ್ತದೆ. 1971ರ ಜುಲೈನಲ್ಲಿ ಪಾಕಿಸ್ತಾನದ ಮೂಲಕ ಗುಟ್ಟಾಗಿ ಬೀಜಿಂಗ್‌ಗೆ ಹೋದಾಗ ಅವರು ಇನ್ನೂ ವಿದೇಶಾಂಗ ಸಚಿವರಲ್ಲ, ಅಧ್ಯಕ್ಷರ ಭದ್ರತಾ ಸಲಹೆಗಾರ. ಆಗ ಆ ಕುರ್ಚಿಯಲ್ಲಿದ್ದ ವಿಲಿಯಂ ರೋಜರ್ಸ್ ಅವರನ್ನು ಆ ಗುಟ್ಟಿನಿಂದ ದೂರ ಇಡಲಾಗಿತ್ತು. ಕುರ್ಚಿ ಒಬ್ಬರದು, ಯಜಮಾನನ ಕಿವಿ ಇನ್ನೊಬ್ಬರದು. ಹೀಗಾದರೆ ಯಾವ ಅನುಭವವೂ ಉಪಯೋಗಕ್ಕೆ ಬರುವುದಿಲ್ಲ, ಎದುರಿನವರಿಗೆ ಅದು ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಕಿಸಿಂಜರ್ ಅವರದೇ ಓದು ಪೂರ್ವ ಬಂಗಾಳದ (ಈಗಿನ ಬಾಂಗ್ಲಾದೇಶ) ಜನರ ನೋವನ್ನು ಅವರಿಗೆ ಕಾಣಿಸಲಿಲ್ಲ ಎಂಬುದನ್ನೂ ಮರೆಯಬಾರದು.

ಕಂಪನಿಯಿಂದ ನೇರ ಬಂದವರ ಬಗ್ಗೆ ನನಗೆ ನಂಬಿಕೆ ಕಡಿಮೆ. ಎಕ್ಸಾನ್ ಮೊಬಿಲ್ ತೈಲ ಕಂಪನಿ ನಡೆಸಿ ಅಮೆರಿಕದ ವಿದೇಶಾಂಗ ಸಚಿವರಾದ ರೆಕ್ಸ್ ಟಿಲ್ಲರ್ಸನ್ ಜಗತ್ತಿನ ಎಷ್ಟೋ ನಾಯಕರನ್ನು ಬಲ್ಲವರಾಗಿದ್ದರು. 2018ರ ಮಾರ್ಚ್‌ನಲ್ಲಿ ಅಧ್ಯಕ್ಷರ ಒಂದು ಟ್ವೀಟ್‌ನಿಂದ ಹುದ್ದೆ ಹೋಯಿತು. ನಷ್ಟವಾದರೆ ಕಂಪನಿ ಒಂದು ದೇಶ ಬಿಟ್ಟು ಇನ್ನೊಂದಕ್ಕೆ ಹೋಗಬಹುದು. ದೇಶಕ್ಕೆ ನೆರೆಮನೆ ಬದಲಾಯಿಸಲು ಬರುವುದಿಲ್ಲ.

ಇವರೆಲ್ಲರ ಪಕ್ಕ ಅರ್ನೆಸ್ಟ್ ಬೆವಿನ್ ಅವರನ್ನು ನಿಲ್ಲಿಸಿದರೆ ತರಗತಿ ಒಂದು ಕ್ಷಣ ಮೌನವಾಗುತ್ತದೆ. ಹನ್ನೊಂದರ ಆಸುಪಾಸಿಗೆ ಶಾಲೆ ಬಿಟ್ಟವರು, ಹೊಲದಲ್ಲಿ ಕೂಲಿ ಮಾಡಿದವರು, ಸಾರಿಗೆ ಕಾರ್ಮಿಕರ ಸಂಘ ಕಟ್ಟಿದವರು. 1945ರಿಂದ 1951ರವರೆಗೆ ಬ್ರಿಟನ್ನಿನ ವಿದೇಶಾಂಗ ಸಚಿವರು. 1949ರಲ್ಲಿ ನೇಟೋ ಕಟ್ಟಿದವರಲ್ಲಿ ಪ್ರಮುಖರು. ಮಾಲೀಕರ ಎದುರು ಕೂತು, ಕೇಳಿದ ಕೂಲಿ ಏರಿಕೆಯಲ್ಲಿ ಅರ್ಧಕ್ಕೆ ಒಪ್ಪಿಸಿ, ಆ ಅರ್ಧವನ್ನು ಗೇಟಿನ ಬಳಿ ಕಾದ ಸಾವಿರಾರು ಜನರಿಗೆ ಒಪ್ಪಿಸಿದ ಅನುಭವ ಅವರದು. ಎರಡು ಒಪ್ಪಿಗೆಗಳಲ್ಲಿ ಎರಡನೆಯದು ಕಷ್ಟ.

ಇಂಗ್ಲಿಷ್ ವಿಚಾರ

ಮಾತು ಬೇಡವೇ? ಬೇಕು. ಆದರೆ ಎಷ್ಟು? 1957ರ ಜನವರಿಯಲ್ಲಿ ವಿ.ಕೆ. ಕೃಷ್ಣ ಮೆನನ್ ಭಾರತದ ಪ್ರತಿನಿಧಿಯಾಗಿ ಭದ್ರತಾ ಮಂಡಳಿಯಲ್ಲಿ ಕಾಶ್ಮೀರದ ಬಗ್ಗೆ ಎರಡು ದಿನ ಸೇರಿ ಎಂಟು ಗಂಟೆಯ ಹತ್ತಿರ ಮಾತಾಡಿದರು. ಅಂಥ ಇಂಗ್ಲಿಷ್ ಎಷ್ಟು ಜನರಿಗೆ ಬಂದೀತು! ನಮ್ಮ ದೇಶ ಅವರನ್ನು ಹೊತ್ತು ಮೆರೆಸಿತು. ಮಾತು ಮುಗಿದ ಜನವರಿ 24ರಂದೇ ನಮಗೆ ಬೇಡವಾದ ನಿರ್ಣಯಕ್ಕೆ ಹತ್ತು ಮತ ಬಿತ್ತು, ವಿರುದ್ಧ ಒಂದೂ ಇಲ್ಲ. ಸೋವಿಯತ್ ಒಕ್ಕೂಟ ತಟಸ್ಥವಾಗಿತ್ತು. ಮುಂದಿನ ತಿಂಗಳು ಇನ್ನೊಂದು ನಿರ್ಣಯ ಬಂದಾಗ ನಮ್ಮನ್ನು ಕಾಪಾಡಿದ್ದು ಸೋವಿಯತ್ ವೀಟೊ. ಅದು ಭಾಷಣದಿಂದ ಬಂದದ್ದಲ್ಲ, ವರ್ಷಗಟ್ಟಲೆ ಬೆಳೆಸಿದ ನಂಟಿನಿಂದ ಬಂದದ್ದು. ಈ ಎರಡು ತಾರೀಖುಗಳನ್ನು ಬೋರ್ಡಿನ ಮೇಲೆ ಬರೆದ ವರ್ಷದಿಂದ "ಇಂಗ್ಲಿಷ್ ಚೆನ್ನಾಗಿದೆ" ಎನ್ನುವ ದನಿ ನಮ್ಮ ತರಗತಿಯಲ್ಲಿ ಸ್ವಲ್ಪ ತಗ್ಗಿದೆ.

ಹೆಸರು ಪ್ರಕಟವಾದಾಗ ನೀವು ಕೇಳಬೇಕಾದದ್ದು

ಸಂಪುಟ ರಚನೆಯಾದ ದಿನ ಟಿವಿಯಲ್ಲಿ ಪದವಿ, ವಯಸ್ಸು, ಜಾತಿ, ರಾಜ್ಯ ಎಲ್ಲ ಹೇಳುತ್ತಾರೆ. ಅದನ್ನು ಕೇಳಿಕೊಂಡು ಸುಮ್ಮನಾಗಬೇಡಿ. ತಮಗಿಂತ ಬಲಶಾಲಿಯ ಎದುರು ಇವರು ಎಂದಾದರೂ ಕೂತಿದ್ದಾರೆಯೇ, ಏನು ತಂದರು, ಏನು ಬಿಟ್ಟುಕೊಟ್ಟರು ನೋಡಿ. ಬಿಟ್ಟುಕೊಟ್ಟದ್ದನ್ನು ತಮ್ಮ ಜನರ ಮುಂದೆ ನಿಂತು ಹೇಳಿದರೇ? ಪ್ರಧಾನಿ ಇವರನ್ನು ಕೇಳಿ ತೀರ್ಮಾನ ಮಾಡುತ್ತಾರೋ, ತೀರ್ಮಾನ ಮಾಡಿ ಹೇಳಿಕಳಿಸುತ್ತಾರೋ? ಇದು ಮೊದಲ ದಿನ ಗೊತ್ತಾಗದು. ದೊಡ್ಡ ಭೇಟಿಗಳಿಗೆ ಯಾರು ಹೋಗುತ್ತಾರೆ ಎಂದು ಆರು ತಿಂಗಳು ಗಮನಿಸಿದರೆ ತಿಳಿಯುತ್ತದೆ. ಇನ್ನು ಆಪತ್ತಿನ ದಿನದ ಪರೀಕ್ಷೆ. 1990ರಲ್ಲಿ ಇರಾಕ್ ಕುವೈತ್ ಮೇಲೆ ದಾಳಿ ಮಾಡಿದಾಗ ನಮ್ಮ ವಿದೇಶಾಂಗ ಸಚಿವರಾಗಿದ್ದ ಐ.ಕೆ. ಗುಜ್ರಾಲ್ ಇರಾಕಿನ ಸದ್ದಾಂ ಹುಸೇನ್ ಅವರನ್ನು ಅಪ್ಪಿಕೊಂಡ ಫೋಟೋ ಜಗತ್ತಿಗೆಲ್ಲ ಹರಡಿತು, ಟೀಕೆ ಬಂತು. ಅತ್ತ ಏರ್ ಇಂಡಿಯಾ ವಿಮಾನಗಳು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಮನೆಗೆ ತಂದವು. ಆ ಅಪ್ಪುಗೆ ಸರಿಯೋ ತಪ್ಪೋ ಎಂದು ತರಗತಿಯಲ್ಲಿ ಇವತ್ತಿಗೂ ಚರ್ಚೆ ನಿಲ್ಲುವುದಿಲ್ಲ. ಅಲ್ಲಿಂದ ಬಂದವರ ಮನೆಯ ಮಕ್ಕಳಾಗಿದ್ದರೆ ಸರಿ ಎನ್ನುತ್ತಿದ್ದೆವೇನೋ.

ಈ ವರ್ಷ ನಮ್ಮ ಯುವ ಸಂಸತ್ತಿನಲ್ಲಿ ವಿದೇಶಾಂಗ ಖಾತೆ ಕೊರಟಗೆರೆ ಕಡೆಯ ಒಬ್ಬ ಹುಡುಗಿಗೆ ಹೋಯಿತು. ತನ್ನೂರಿನ ಕ್ರಾಸಿನಲ್ಲಿ ಬಸ್ ನಿಲ್ಲಿಸಿ ಎಂದು ಸಹಿ ಸಂಗ್ರಹಿಸಿಕೊಂಡು ಏಳು ಸಲ ಡಿಪೋಗೆ ಅಲೆದವಳು. ಬೆಳಗ್ಗೆ ಎರಡು, ಸಂಜೆ ಎರಡು ಬಸ್ ಕೇಳಿದ್ದಳು, ಸಿಕ್ಕದ್ದು ಒಂದೊಂದು. ಊರವರು ಸಿಟ್ಟಾದಾಗ ಅರಳಿಕಟ್ಟೆಯಲ್ಲಿ ನಿಂತು, ಸದ್ಯಕ್ಕೆ ಇದನ್ನು ಹಿಡಿಯೋಣ ಎಂದು ಹಿರಿಯರನ್ನು ಒಪ್ಪಿಸಿದವಳೂ ಅವಳೇ. ಸಂಸತ್ತಿನ ದಿನ ವಿರೋಧ ಪಕ್ಷದ ಹುಡುಗ ಶ್ರೀಲಂಕಾದಲ್ಲಿ ಬಂಧಿತರಾದ ಮೀನುಗಾರರ ಸಂಖ್ಯೆ ಎಷ್ಟು ಎಂದು ಥಟ್ಟನೆ ಕೇಳಿದ. ಅವಳು ಎದ್ದು ನಿಂತು, "ಸಂಖ್ಯೆ ನನ್ನ ಹತ್ತಿರ ಈಗ ಇಲ್ಲ ಸಭಾಧ್ಯಕ್ಷರೇ, ತಪ್ಪು ಹೇಳೋದಿಲ್ಲ, ಮಧ್ಯಾಹ್ನದೊಳಗೆ ತಂದು ಸದನದ ಮುಂದೆ ಇಡ್ತೀನಿ" ಎಂದಳು. ಊಟದ ಬಿಡುವಿನಲ್ಲಿ ಲೈಬ್ರರಿಗೆ ಓಡಿದ್ದನ್ನು ನಾನು ಕಿಟಕಿಯಿಂದ ನೋಡಿದೆ.